ಮೂರು ಬಾಗಿಲ ಕಾರ್ಡು

೧೪ ಜೂನ್ ೧೯೮೬

ಪ್ರೀತಿಯ ಗುಂಡಿ,

ನಿನ್ನ ಕಾಗದ ನಿನ್ನೆ ಬಂತು. ನಿನ್ನ ಭಾವನೇ ತಂದುಕೊಟ್ಟರು. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವರ ಹೆಂಡತಿಯಾಗಿರುವುದರಲ್ಲಿ ಇದೊಂದು ಸುಖ, ಊರಿಗಿಂತ ಅರ್ಧ ದಿನ ಮೊದಲೇ ಕಾಗದ ಕೈಗೆ ಸಿಗುತ್ತದೆ. ಕಷ್ಟವೆಂದರೆ ಅವರು ಚಪ್ಪಲಿಯನ್ನೂ ಬಿಡದೆ ಹೊಸಿಲಲ್ಲೇ ನಿಂತು, "ಮೊದ್ಲು ನಂಗೇನ್ ಬರ್ದಿದಾಳೆ ಓದು" ಎಂದು ಪೀಡಿಸುತ್ತಾರೆ. ನೀನು ಅವರಿಗೆಂದು ಬರೆದ ಎರಡು ಸಾಲನ್ನು ನನ್ನಿಂದ ಮೂರು ಸಲ ಓದಿಸಿದರು. ಆಮೇಲೆ, "ನಮ್ ಗುಂಡಮ್ಮ ಈಗ ಆಫೀಸರು" ಎಂದು ಕನ್ನಡಿಯ ಮುಂದೆ ನಿಂತು ತಾವೇ ಮೀಸೆ ತಿರುವಿಕೊಂಡರು.

ಅಪ್ಪನ ಅಂಗಿಯ ಗುಂಡಿ ನುಂಗಿ ಮನೆಮಂದಿಯನ್ನೆಲ್ಲ ಅಳಿಸಿ ಆ ಹೆಸರನ್ನೇ ಗಳಿಸಿಕೊಂಡವಳು ನೀನು. ಈಗ ಶುಭಾಶಯದ ಕಾರ್ಡು ಅಚ್ಚು ಹಾಕುವ ಕಂಪನಿಯಲ್ಲಿ ನಿನಗೆ ಸ್ವಂತ ಮೇಜು, ಮೇಜಿಗೊಂದು ದೀಪ. ಅಮ್ಮ ಇದ್ದಿದ್ದರೆ ನಂಬುತ್ತಿರಲಿಲ್ಲ.

ಕಾರ್ಡು ಮಾಡಲು ಬರುವ ನಮ್ಮ ಭಾನುವಾರದ ಮಂದಿ ಹಾಗೇ ಇದ್ದಾರೆ. ಶಾಲೆಯ ಗ್ರಂಥಾಲಯದಲ್ಲಿ ಪುಸ್ತಕದ ರಟ್ಟು ಕಟ್ಟುವಾಗ ಉಳಿಯುವ ಚೂರುಪಾರನ್ನು ನಾನು ವಾರವಿಡೀ ಕೂಡಿಸಿ ತರುತ್ತೇನೆ, ಅವರು ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತಾರೆ. ನಮ್ಮ ಲೆಕ್ಕದ ಮೇಷ್ಟ್ರು ನಿವೃತ್ತಿಯಾದ ಮೇಲೆ ಒಂದು ವಾರವೂ ತಪ್ಪಿಸಿಲ್ಲ. ಕೂದಲೆಳೆಯಷ್ಟೂ ತಪ್ಪದಂತೆ ಅಳತೆ ಹಾಕಿ, ಕೊನೆಗೆ ತಲೆಕೆಳಗಾಗಿ ಅಂಟಿಸುತ್ತಾರೆ. ಮೊನ್ನೆ ದರ್ಜಿಯ ಹೆಂಡತಿ, "ಇರೋ ಗುಟ್ಟನ್ನೆಲ್ಲ ಹೇಳ್ಕೊಟ್ರೆ ನಿಮಗೇನ್ ಉಳಿಯತ್ತೆ ಅಕ್ಕಾ?" ಎಂದಳು. "ಹೇಳ್ಕೊಟ್ರೆ ಖರ್ಚಾಗೋದು ಅಂಟು ಒಂದೇ ಕಣೇ" ಎಂದೆ.

ಇದರ ಜೊತೆ ಒಂದು ಹಕ್ಕಿಯ ಮಾದರಿ ಇಟ್ಟಿದ್ದೇನೆ. ಕಾರ್ಡು ಬಿಡಿಸಿದರೆ ರೆಕ್ಕೆ ಎತ್ತುತ್ತದೆ. ಮಡಿಕೆಯ ಮೇಲೆ ಚಮಚದ ಬೆನ್ನಿನಿಂದ ಗಟ್ಟಿಯಾಗಿ ಎಳೆ, ಇಲ್ಲದಿದ್ದರೆ ಕುಂಟುತ್ತದೆ. ನಿಮ್ಮ ಕಂಪನಿಗೆ ಬೇಕಾದರೆ ಕೊಡು. ನನ್ನ ಹೆಸರೇನೂ ಬೇಡ.

ಭಾವನಿಗೆ ಸ್ವಲ್ಪ ಕೆಮ್ಮು. ಅಂಚೆ ಚೀಲದ ಧೂಳು ಅನ್ನುತ್ತಾರೆ.

ನಿನ್ನ ಅಕ್ಕ

*

೨೮ ಜೂನ್ ೧೯೮೬

ಅಕ್ಕಾ,

ಹಕ್ಕಿ ಕುಂಟಲಿಲ್ಲ. ಅಂಟು ಹಚ್ಚುವ ಮೇಜಿನ ಹೆಂಗಸರೆಲ್ಲ ಸುತ್ತ ನಿಂತು ಹಾರಿಸಿ ಹಾರಿಸಿ ಒಂದು ರೆಕ್ಕೆ ಹರಿದರು. ಮ್ಯಾನೇಜರು ಮಾತ್ರ, "ಚೆನ್ನಾಗಿದೆ, ಆದ್ರೆ ಯಂತ್ರಕ್ಕೆ ಒಗ್ಗಲ್ಲ" ಎಂದು ಪಕ್ಕಕ್ಕಿಟ್ಟರು.

ನನ್ನ ಮೇಜು ಮೊದಲನೇ ಮಹಡಿಯಲ್ಲಿದೆ. ಕಿಟಕಿಯಿಂದ ಲಾರಿಗೆ ಕಾಗದದ ಉರುಳೆ ಏರಿಸುವುದು, ಇಳಿಸುವುದು ಕಾಣುತ್ತದೆ. ಕೆಳಗೆ ಯಂತ್ರ ಶುರುವಾದರೆ ಮೇಜಿನ ಮೇಲಿನ ಪೆನ್ಸಿಲು ತಾನಾಗಿಯೇ ಉರುಳುತ್ತದೆ. ಆರು ತಿಂಗಳು ಪರೀಕ್ಷೆಯ ಕಾಲ, ಆಮೇಲೆ ಇಟ್ಟುಕೊಳ್ಳುವುದೋ ಬಿಡುವುದೋ ಹೇಳುತ್ತಾರೆ. ನಿನಗೆ ಬರೆದಿರಲಿಲ್ಲ, ಮೊದಲ ಎರಡು ತಿಂಗಳು ನಾನು ಏನು ಬರೆದುಕೊಟ್ಟರೂ ಮ್ಯಾನೇಜರು, "ಇದ್ರಲ್ಲಿ ಜೀವ ಇಲ್ಲ" ಎಂದು ವಾಪಸು ಕೊಡುತ್ತಿದ್ದರು. ಈಗ ಪರವಾಗಿಲ್ಲ. ಒಂದು ಕೆಲಸ ಹಿಡಿಸಿದೆ, ಅಚ್ಚಿಗೂ ಹೋಗಿದೆ. ಊರಿಗೆ ಬಂದಾಗ ತೋರಿಸುತ್ತೇನೆ.

ನಿನ್ನ ಬೂದು ಕಾರ್ಡು ನನ್ನ ಮೇಜಿನ ಮೇಲೇ ಇರುತ್ತದೆ. ಕಟ್ಟಿಕೊಂಡವನು ನನ್ನನ್ನು ಬಿಟ್ಟುಹೋದ ವರ್ಷ ನಿಮ್ಮ ಹಿಂದಿನ ಕೋಣೆಯಲ್ಲಿ ಚಿಲಕ ಹಾಕಿಕೊಂಡು ಬಿದ್ದಿದ್ದೆನಲ್ಲ, ಆಗ ಬಾಗಿಲ ಸಂದಿಯಲ್ಲಿ ನೀನು ತಳ್ಳಿದ್ದು. ಒಂದು ಬಾಗಿಲು ತೆರೆದರೆ ಒಳಗಿನ್ನೊಂದು, ಅದರೊಳಗೆ ಮತ್ತೊಂದು, ಕೊನೆಗೆ ಬೆರಳ ತುದಿಯಷ್ಟು ಕುರ್ಚಿ. ಕೆಳಗೆ ನಿನ್ನ ಅಕ್ಷರ: "ಒಳಗೆ ಎಷ್ಟು ಹೊತ್ತಾದರೂ ಇರು. ಹೊರಗೆ ನಾನು ಕೂತಿದ್ದೇನೆ." ನೋಡಿದವರೆಲ್ಲ ಕೇಳುತ್ತಾರೆ.

ಒಂದು ಮಾತು. ಒಬ್ಬರಿಗೆಂದು ಮಾಡಿದ ಕಾರ್ಡು ಯಾರದು? ಕೊಟ್ಟವರದೋ, ತೆಗೆದುಕೊಂಡವರದೋ? ಮೊನ್ನೆ ಊಟದ ಹೊತ್ತಿಗೆ ಇಲ್ಲಿ ಈ ಜಗಳ ಎದ್ದಿತ್ತು. ನೀನು ಏನನ್ನುತ್ತೀಯ ಎಂದು ಕುತೂಹಲ.

ಭಾವನಿಗೆ ಹೇಳು, ಮೀಸೆ ನನಗಿಲ್ಲ, ಅವರೇ ತಿರುವಿಕೊಳ್ಳಲಿ.

ಗುಂಡಿ

*

೯ ಜುಲೈ ೧೯೮೬

ಗುಂಡಿ,

ನಾವಿಬ್ಬರೂ ಕ್ಷೇಮ.

ನಿನ್ನ ಪ್ರಶ್ನೆಗೆ ಏನು ಹೇಳಲಿ. ಕೊಟ್ಟ ಮೇಲೆ ತೆಗೆದುಕೊಂಡವರದೇ. ಆದರೆ ಆ ಬೂದು ಕಾರ್ಡನ್ನು ಮೇಜಿನ ಮೇಲೆ ಇಡಬೇಡ. ಉಳಿದದ್ದೆಲ್ಲ ಬೇಕಾದರೆ ಬೀದಿಯಲ್ಲಿ ಹರವು. ಹಕ್ಕಿ, ಡಬ್ಬಿ, ಕೊಡೆ, ಏನು ಬೇಕಾದರೂ ಕೊಡು, ನಾನು ಕೇಳುವುದಿಲ್ಲ. ಅದೊಂದು ಮಾತ್ರ ಪೆಟ್ಟಿಗೆಯಲ್ಲಿರಲಿ. ನೀನು ಊಟ ಮುಟ್ಟದೆ ಬಾಗಿಲು ಹಾಕಿಕೊಂಡಿದ್ದಾಗ, ಏನು ಹೇಳಬೇಕೆಂದು ತಿಳಿಯದೆ ಕತ್ತರಿಸಿದ್ದು ಅದು. ಅಂಥ ಇನ್ನೊಂದನ್ನು ನಾನು ಮಾಡಿಲ್ಲ, ಭಾನುವಾರದವರಿಗೂ ತೋರಿಸಿಲ್ಲ. ಅದನ್ನು ನೋಡಿ ಯಾರೋ "ಚೆನ್ನಾಗಿದೆ" ಅನ್ನುವುದು ನನಗೆ ಬೇಡ.

ಭಾವ ಕೆಲವು ದಿನ ರಜೆ ಹಾಕಿದ್ದಾರೆ. ಅದೇ ಕೆಮ್ಮು. ಏನೂ ಗಾಬರಿಯಿಲ್ಲ. ನಿನ್ನ ಆರು ತಿಂಗಳು ಸರಿಯಾಗಿ ಮುಗಿಯಲಿ, ಮನಸ್ಸನ್ನು ಅತ್ತಿತ್ತ ಬಿಡಬೇಡ.

ಅಕ್ಕ

*

೨೦ ಜುಲೈ ೧೯೮೬

ಅಕ್ಕಾ,

ಪೆಟ್ಟಿಗೆಯಲ್ಲಿಟ್ಟೆ. ಬೀಗವನ್ನೂ ಹಾಕಿದೆ. ಸರಿಯಾ?

ಭಾವ ರಜೆ ಹಾಕಿದ್ದಾರೆ ಎಂದರೆ ನಂಬಲಾಗುತ್ತಿಲ್ಲ. ಜ್ವರದಲ್ಲೂ ಕಚೇರಿಗೆ ಹೋಗಿ, "ಕಾಗದಗಳು ನಂಗೋಸ್ಕರ ಕಾಯ್ತಿರ್ತವೆ" ಅನ್ನುವ ಮನುಷ್ಯ. ಆಗಸ್ಟ್ ಮೊದಲ ವಾರ ಬಂದುಹೋಗಲಾ? ಕೇಳಿದರೆ ನಾಲ್ಕು ದಿನ ರಜೆ ಸಿಗುತ್ತದೆ. ಮ್ಯಾನೇಜರು ಈಚೆಗೆ ನನ್ನ ಮೇಲೆ ಪ್ರಸನ್ನರಾಗಿದ್ದಾರೆ.

ಬರೆಯುವುದು ಇನ್ನೂ ಏನೋ ಇತ್ತು. ಬಂದಾಗಲೇ ಹೇಳುತ್ತೇನೆ.

ಗುಂಡಿ

*

೩೦ ಜುಲೈ ೧೯೮೬

ಗುಂಡಿ,

ನಾವಿಬ್ಬರೂ ಕ್ಷೇಮ. ಈಗ ಬರಬೇಡ. ರಜೆ ಕೇಳಿ ಕೆಟ್ಟವಳಾಗಬೇಡ. ಕೆಲಸ ಖಾಯಂ ಆಗಲಿ, ಆಮೇಲೆ ನಿಧಾನವಾಗಿ ಬಂದು ತಿಂಗಳಿದ್ದು ಹೋಗು. ಭಾವನೂ ಅದನ್ನೇ ಹೇಳಿದರು.

ಅಕ್ಕ

*

೨೫ ಆಗಸ್ಟ್ ೧೯೮೬

ಭಾವ,

ಅಕ್ಕ ಮಾತು ಬಿಟ್ಟಿದ್ದಾಳೆ, ಅದಕ್ಕೇ ಈ ಸಲ ನಿಮಗೇ ಬರೆಯುತ್ತಿದ್ದೇನೆ. ತಿಂಗಳಾಗುತ್ತಾ ಬಂತು, ಅವಳಿಂದ ಒಂದು ಸಾಲಿಲ್ಲ. ಕಾಗದ ವಿಂಗಡಿಸುವವರ ಮನೆಯಿಂದಲೇ ಕಾಗದ ಬಾರದಿದ್ದರೆ ನಾವು ಬಡವರು ಯಾರಲ್ಲಿ ದೂರು ಕೊಡಬೇಕು?

ಕೆಮ್ಮು ಹೇಗಿದೆ? ಬಿಸಿನೀರು ಕುಡಿಯಿರಿ ಎಂದರೆ ನೀವು ಬಿಸಿ ಚಹಾ ಕುಡಿದು ಎರಡೂ ಒಂದೇ ಅನ್ನುವವರು, ಗೊತ್ತು ನನಗೆ.

ನನ್ನ ಕೆಲಸ ಖಾಯಂ ಆಯಿತು. ಇದನ್ನು ಅಕ್ಕನಿಗೆ ನೀವೇ ಹೇಳಿ, ಹೇಳುವಾಗ ಅವಳ ಮುಖ ಹೇಗಾಯಿತು ಎಂದು ನನಗೆ ಬರೆಯಿರಿ. ಅವಳಿಗೆ ನನ್ನ ಮೇಲೆ ಸಿಟ್ಟೇ? ಯಾವುದಾದರೂ ಅಂಗಡಿಯಲ್ಲಿ ಏನಾದರೂ ನೋಡಿದಳೇ? ನೋಡಿದ್ದರೆ ನಾನು ಬಂದು ಎಲ್ಲ ವಿವರಿಸುತ್ತೇನೆ ಎಂದು ಹೇಳಿ. ನೀವು ನನ್ನ ಪರವಾಗಿ ಸ್ವಲ್ಪ ವಾದ ಮಾಡಬೇಕಾಗಬಹುದು. ಚಿಕ್ಕಂದಿನಿಂದ ಮಾಡಿದ್ದೀರಿ, ಇನ್ನೊಂದು ಸಲ.

ನಿಮ್ಮ ಗುಂಡಮ್ಮ

*

೨೦ ಸೆಪ್ಟೆಂಬರ್ ೧೯೮೬

ಅಕ್ಕಾ,

ಭಾವನೂ ಬರೆಯಲಿಲ್ಲ. ಇಬ್ಬರೂ ಸೇರಿ ನನ್ನನ್ನು ದೂರ ಮಾಡಿದಿರಾ? ಬೈಯುವುದಿದ್ದರೆ ಬೈದುಬಿಡು. ಹೀಗೆ ಸುಮ್ಮನಿರಬೇಡ.

ಗುಂಡಿ

*

೪ ಅಕ್ಟೋಬರ್ ೧೯೮೬

ಮಾನ್ಯರೇ,

ನಿಮ್ಮ ಎರಡೂ ಕಾಗದ ತಲುಪಿವೆ.

ನನ್ನ ಯಜಮಾನರು, ಅಂದರೆ ನಿಮ್ಮ ಭಾವ, ಆಗಸ್ಟ್ ಹನ್ನೊಂದರ ಬೆಳಿಗ್ಗೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಕೆಮ್ಮು ಧೂಳಿನದಾಗಿರಲಿಲ್ಲ. ಜುಲೈನಲ್ಲಿ ಗೊತ್ತಾಗುವಷ್ಟರಲ್ಲಿ ಎರಡೂ ಶ್ವಾಸಕೋಶ ಹೋಗಿತ್ತು. ನೀವು ಅವರಿಗೆಂದು ಬರೆದ ಕಾಗದವನ್ನು ಅವರ ಕಚೇರಿಯ ಗೆಳೆಯರು ತಂದುಕೊಟ್ಟರು. ನಾನೇ ಒಡೆದು ಓದಿದೆ.

ಇದರ ಜೊತೆ ಒಂದು ಕಾರ್ಡು ಇಟ್ಟಿದ್ದೇನೆ. ನಿಮಗೆ ಪರಿಚಯವಿರಬೇಕು. ಅವರು ಹೋದ ನಾಲ್ಕನೆಯ ದಿನ, ತಂತಿ ಕಳಿಸುವ ಗೂಡಿನಲ್ಲಿ ಕೂರುವ ಅವರ ಗೆಳೆಯ, ನೀವೆಲ್ಲ ತಂತಿಯಣ್ಣ ಎಂದು ಕರೆಯುವವರು, ಇದನ್ನು ತಂದರು. ಕಚೇರಿಯವರೆಲ್ಲ ಸಹಿ ಮಾಡಿದ್ದರು. "ಏನ್ ಹೇಳ್ಬೇಕೋ ನಮಗ್ಯಾರಿಗೂ ತಿಳೀಲಿಲ್ಲ ಅಕ್ಕಾ. ಅಂಗಡೀಲಿ ಇದನ್ನ ನೋಡ್ದೆ. ಇದ್ರಲ್ಲಿ ಸರಿಯಾಗಿ ಬರ್ದಿದಾರೆ ಅನ್ನಿಸ್ತು" ಎಂದರು. ಅವರ ಕಣ್ಣು ತುಂಬಿತ್ತು. ನಾನು ಒಂದು ಬಾಗಿಲು ತೆರೆದೆ. ಇನ್ನೊಂದು ತೆರೆದೆ. ಮೂರನೆಯದನ್ನು ತೆರೆಯಬೇಕಾದ ಅಗತ್ಯವಿರಲಿಲ್ಲ, ಆದರೂ ತೆರೆದೆ. ಆ ಮೂರನೆಯ ಬಾಗಿಲು ಎಡಕ್ಕೆ ತೆರೆಯಬೇಕಿತ್ತು. ಅಂದು ಕೈ ತಪ್ಪಿ ನಾನು ಬಲಕ್ಕೆ ಕತ್ತರಿಸಿದ್ದೆ. ನಿಮ್ಮ ಕಂಪನಿಯವರು ಆ ತಪ್ಪನ್ನೂ ಬಿಡದೆ ಅಚ್ಚು ಹಾಕಿದ್ದಾರೆ. ಹಿಂಬದಿಯಲ್ಲಿ, ಇದನ್ನು ರೂಪಿಸಿದವರು ಎಂದು ನಿಮ್ಮ ಹೆಸರಿದೆ.

ಮಾತೊಂದನ್ನು ಮಾತ್ರ ಬದಲಿಸಿದ್ದೀರಿ. "ಒಳಗೆ ಎಷ್ಟು ಹೊತ್ತಾದರೂ ಇರಿ. ಹೊರಗೆ ನಾವಿದ್ದೇವೆ." ನಾನು "ಇರು" ಎಂದು ಬರೆದಿದ್ದೆ. "ಇರಿ" ಎಂದರೆ ಚುಚ್ಚು ಎಂತಲೂ ಆಗುತ್ತದೆ, ನಿಮಗೆ ಹೊಳೆದಿರಲಿಕ್ಕಿಲ್ಲ.

ಗಂಡ ಸತ್ತ ಮನೆಯಲ್ಲಿ ನನ್ನದೇ ಮಾತನ್ನು ಅಂಗಡಿಯಿಂದ ಕೊಂಡು ತಂದು ನನಗೇ ಓದಲು ಕೊಟ್ಟರು. ನಾನು ಅವರಿಗೆ, "ತುಂಬ ಚೆನ್ನಾಗಿದೆ" ಎಂದೆ.

ಇನ್ನೂ ಒಂದಿದೆ. ಸೆಪ್ಟೆಂಬರಿನಲ್ಲಿ ಭಾನುವಾರದ ಮಂದಿ ಮತ್ತೆ ಬರತೊಡಗಿದರು, ನನ್ನ ಮನಸ್ಸು ತಿರುಗಲಿ ಎಂದು. ಲೆಕ್ಕದ ಮೇಷ್ಟ್ರು ಅದೇ ಕಾರ್ಡನ್ನು ಕೊಂಡು ತಂದಿದ್ದರು. "ಇದನ್ನ ಬಿಚ್ಚಿ ನೋಡಿ, ಹೇಗ್ ಮಾಡಿದಾರೆ ಅಂತ ನಮಗೂ ತೋರ್ಸಿ. ನಮ್ಮಕ್ಕ ಎಷ್ಟೇ ಜಾಣೆ ಆದ್ರೂ ಇಂಥದ್ದು ಒಂದ್ಸಲಾನೂ ಮಾಡ್ಲಿಲ್ಲ ನೋಡಿ" ಎಂದರು. ನಾನು ತೋರಿಸಿಕೊಟ್ಟೆ. ಎಲ್ಲರೂ ಒಂದೊಂದು ಮಾಡಿಕೊಂಡು ಹೋದರು.

ಕೊಟ್ಟ ಕಾರ್ಡು ತೆಗೆದುಕೊಂಡವರದೇ ಎಂದು ನಾನೇ ಬರೆದಿದ್ದೆ. ಆದ್ದರಿಂದ ನಿಮ್ಮ ಮೇಲೆ ನನಗೆ ಯಾವ ಹಕ್ಕೂ ಇಲ್ಲ.

ಇಂತಿ

*

೯ ಅಕ್ಟೋಬರ್ ೧೯೮೬

ಅಕ್ಕಾ,

ಆಗಸ್ಟ್ ಹನ್ನೊಂದು ಸೋಮವಾರ. ಅವತ್ತು ನಾನು ಏನು ಮಾಡುತ್ತಿದ್ದೆ ಎಂದು ಯೋಚಿಸಿ ಯೋಚಿಸಿ ಸಾಕಾಯಿತು, ನೆನಪಾಗುತ್ತಿಲ್ಲ. ಏನೋ ತಿಂದಿರುತ್ತೇನೆ, ಯಾರ ಜೊತೆಯೋ ನಕ್ಕಿರುತ್ತೇನೆ. ಅದಾಗಿ ಎರಡು ವಾರಕ್ಕೆ, ಸತ್ತ ಮನುಷ್ಯನಿಗೆ ಕೆಮ್ಮು ಹೇಗಿದೆ ಎಂದು ತಮಾಷೆಯ ಕಾಗದ ಬರೆದೆ. ಅದನ್ನು ನೀನು ಓದಿದೆ. ಓದಿಯೂ ಸುಮ್ಮನಿದ್ದೆ.

ಕಾರ್ಡಿನ ವಿಷಯ. ಹೇಳಿಬಿಡುತ್ತೇನೆ. ಮೇ ತಿಂಗಳಲ್ಲಿ ಮ್ಯಾನೇಜರು ನನ್ನನ್ನು ಕರೆದು, ಇನ್ನೊಂದು ತಿಂಗಳು ನೋಡುತ್ತೇನೆ, ಆಮೇಲೆ ನಿಮ್ಮ ದಾರಿ ನಿಮಗೆ ಎಂದರು. ಹೇಳಿ ಹೊರಡುವಾಗ ಮೇಜಿನ ಮೇಲಿದ್ದ ಬೂದು ಕಾರ್ಡನ್ನು ಎತ್ತಿಕೊಂಡರು. ಮೂರು ಬಾಗಿಲನ್ನೂ ಒಂದೊಂದಾಗಿ ತೆರೆದು ನೋಡಿದರು. "ಇದು ಯಾರದು?" ಎಂದರು. "ನಂದು" ಎಂದೆ. ನನಗೆ ಬಂದದ್ದು, ಆದ್ದರಿಂದ ನನ್ನದು, ಅದು ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅವರು ಕೇಳಿದ ಅರ್ಥ ಬೇರೆ ಎಂದು ನನಗೆ ಗೊತ್ತಿತ್ತು. ನಿನಗೆ ಆ ಪ್ರಶ್ನೆ ಬರೆಯುವ ಹೊತ್ತಿಗೆ ಅದು ಯಂತ್ರಕ್ಕೆ ಹೋಗಿಯಾಗಿತ್ತು. ಪೆಟ್ಟಿಗೆಯಲ್ಲಿಟ್ಟೆ ಎಂದು ಬರೆದೆನಲ್ಲ, ಅಂದು ಅದು ಮ್ಯಾನೇಜರ ಕಪಾಟಿನಲ್ಲಿತ್ತು, ನನ್ನ ಕೈಗೆ ವಾಪಸು ಬಂದದ್ದು ಆಮೇಲೆ. ಇರಿ ಎಂದು ತಿದ್ದಿದವರು ಅವರು. ನಾನು ಬೇಡ ಅನ್ನಲಿಲ್ಲ.

ಇನ್ನೊಬ್ಬ ಗಂಡಸು ನನ್ನನ್ನು ಬೇಡವೆಂದು ಹೊರಗೆ ಹಾಕುವುದನ್ನು ನನ್ನಿಂದ ತಡೆದುಕೊಳ್ಳಲಾಗುತ್ತಿರಲಿಲ್ಲ ಅಕ್ಕಾ. ಇದು ಸಬೂಬಲ್ಲ. ಉಂಡ ಮನೆಯ ಜಂತೆ ಎಣಿಸಿದವಳು ನಾನು, ಒಪ್ಪಿದೆ. ಹೊಡಿ, ಕೂಗಾಡು, ಕಂಪನಿಗೆ ಬರೆದು ನನ್ನ ಮಾನ ಕಳೆ. ಆದರೆ ಒಂದು ಕಾರ್ಡಿಗಾಗಿ ಭಾವನ ಸಾವನ್ನು ಮುಚ್ಚಿಡುತ್ತಾರಾ? ನನಗೆ ಹತ್ತು ವರ್ಷವಾಗಿದ್ದಾಗಿನಿಂದ ಅವರ ಸೈಕಲ್ಲಿನ ಮುಂದೆ ಕೂತು ಬೆಳೆದವಳು ನಾನು. ಅಪ್ಪನ ಮುಖ ಮರೆತಿದೆ, ಅವರ ಮುಖ ಮರೆತಿಲ್ಲ. ಕೊನೆಯ ಸಲ ನೋಡಲಾದರೂ ಕರೆಯಬೇಡವಾ?

ನನ್ನನ್ನು ನೀವು ಅಂದೆಯಲ್ಲ. ಅದಕ್ಕಿಂತ ಬೈಗುಳ ಮೇಲಿತ್ತು.

ಮುಂದಿನ ಶನಿವಾರ ಬರುತ್ತೇನೆ. ಬಾಗಿಲು ತೆಗೆಯದಿದ್ದರೆ ಜಗಲಿಯ ಮೇಲೆ ಕೂತಿರುತ್ತೇನೆ.

ಗುಂಡಿ

*

೨೭ ಅಕ್ಟೋಬರ್ ೧೯೮೬

ಅಕ್ಕಾ,

ನಿನ್ನ ಮನೆಯಲ್ಲಿ ಎರಡು ದಿನ ಇದ್ದು ಬಂದೆ. ನೀನು ಬಾಗಿಲು ತೆಗೆದೆ. ಹಾಸಿಗೆ ಹಾಕಿಕೊಟ್ಟೆ. "ಬಸ್ಸಲ್ಲಿ ಸೀಟು ಸಿಕ್ತಾ?" ಎಂದು ಕೇಳಿದೆ. ಊಟಕ್ಕೆ ಕರೆದೆ. ನಾನು ಭಾವ ಎಂದು ಬಾಯಿ ತೆರೆದಾಗಲೆಲ್ಲ ಏನನ್ನೋ ತೊಳೆಯಲು ಎದ್ದು ಹೋದೆ. ಭಾನುವಾರ ದರ್ಜಿಯ ಹೆಂಡತಿ, ಮೇಷ್ಟ್ರು ಎಲ್ಲ ಬಂದರು. ನೀನು, "ನನ್ನ ತಂಗಿ" ಎಂದು ಹೇಳಿ ನನ್ನ ಮುಂದೆಯೂ ರಟ್ಟು, ಕತ್ತರಿ ಇಟ್ಟೆ. ಯಾರೂ ನನ್ನ ಕಡೆ ಸರಿಯಾಗಿ ನೋಡಲಿಲ್ಲ. ದರ್ಜಿಯ ಹೆಂಡತಿ ಅಂಟಿನ ಬಟ್ಟಲನ್ನು ನನ್ನ ಹತ್ತಿರದಿಂದ ಎಳೆದುಕೊಂಡಳು. ಕಾರ್ಡಿನ ವಿಷಯ ಎಲ್ಲರಿಗೂ ಗೊತ್ತಾಗಿದೆ, ಅದಕ್ಕೇ ಈ ಮುಖ ಎಂದುಕೊಂಡೆ. ನನಗೆ ಬೇಕಾದದ್ದೇ ಎಂದು ತಲೆ ತಗ್ಗಿಸಿ ಕೂತೆ.

ಕಾರ್ಡಿನ ವಿಷಯ ಅವರಿಗೆ ಗೊತ್ತೇ ಇಲ್ಲ.

ಸೋಮವಾರ ಬಸ್ಸಿಗೆ ಹೋಗುವ ಮುಂಚೆ ಅಂಚೆ ಕಚೇರಿಗೆ ಹೋಗಿದ್ದೆ, ಭಾವ ಕೂರುತ್ತಿದ್ದ ಜಾಗ ಒಂದು ಸಲ ನೋಡೋಣ ಎಂದು. ಅಲ್ಲಿ ಬೇರೆ ಯಾರೋ ಕೂತು ಕಾಗದ ವಿಂಗಡಿಸಿ ಗೂಡುಗಳಿಗೆ ಬಿಸಾಡುತ್ತಿದ್ದರು. ತಂತಿಯಣ್ಣ ನನ್ನನ್ನು ಕಂಡವರೇ ಮುಖ ತಿರುಗಿಸಿದರು. ನಾನು ಹತ್ತಿರ ಹೋಗಿ ನಿಂತೆ.

"ಈಗ ಬಿಡುವಾಯ್ತಾ?" ಎಂದರು.

"ಅಣ್ಣಾ, ನಂಗೆ..." ಎಂದೆ.

"ದಿನಾ ಸಾಯಂಕಾಲ ಆಸ್ಪತ್ರೆಗೆ ಹೋಗ್ತಿದ್ದೆ. ಬಾಗಿಲ ಕಡೆ ಮುಖ ಮಾಡ್ಕೊಂಡೇ ಮಲಗಿರೋರು. ಯಾರ್ ಬಂದ್ರೂ ಗುಂಡಮ್ಮ ಬಂದ್ಲಾ ಅನ್ನೋರು. ಅಕ್ಕ ಹೇಳೋರು, ಮೂರು ಕಾಗದ ಹಾಕಿದೀನಿ, ರಜೆ ಕೊಡ್ಲಿಲ್ವಂತೆ ಅಂತ. ತೀರ್ಕೊಂಡ ದಿನ ತಂತಿ ನಾನೇ ಕಳಿಸ್ತೀನಿ ಅಂದೆ. ಬೇಡ, ಆಸ್ಪತ್ರೆ ಫೋನಿಂದ ಹೇಳಾಯ್ತು, ಈಗ್ಲೂ ಬರೋಕಾಗಲ್ವಂತೆ ಅಂದ್ರು. ಸುಳ್ಳು ಯಾಕ್ ಹೇಳ್ಲಿ, ಅವತ್ತು ನಿಮ್ಮನ್ನ ಬಾಯಿಗೆ ಬಂದ ಹಾಗೆ ಬೈದೆ."

ಅವರ ಮುಂದೆ ಎಲ್ಲ ಹೇಳಿಬಿಡಬಹುದಿತ್ತು. ನನ್ನ ಬಾಯಿಂದ ಬಂದದ್ದು, "ಹೌದಣ್ಣ, ರಜೆ ಸಿಗ್ಲಿಲ್ಲ." ನಿನ್ನ ಸುಳ್ಳಿಗೆ ನಾನೇ ಸಾಕ್ಷಿ ಹೇಳಿ ಬಂದೆ.

ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಆ ಕಾರ್ಡು ನಿನ್ನ ಕೈಗೆ ಬಂದದ್ದು ಅವರು ಹೋದ ನಾಲ್ಕನೆಯ ದಿನ. ಸಾವಿನ ದಿನ ತಂತಿ ಬೇಡ ಎಂದಾಗ ನನ್ನ ತಪ್ಪು ನಿನಗೆ ಗೊತ್ತೇ ಇರಲಿಲ್ಲ. ಜುಲೈನಲ್ಲಿ ಬರಲಾ ಎಂದು ನಾನೇ ಕೇಳಿದೆ, ನೀನು ಬೇಡ ಎಂದೆ. ಒಂದೊಂದು ಕಾಗದದ ತಲೆಯ ಮೇಲೂ "ನಾವಿಬ್ಬರೂ ಕ್ಷೇಮ." ನನ್ನ ಕಾರ್ಡು ನಿನಗೆ ಆಮೇಲೆ ಸಿಕ್ಕ ನೆಪ.

ನಾನು ಕದ್ದದ್ದು ಒಂದು ಕಾರ್ಡು. ಅದನ್ನು ಸಾವಿರ ಜನ ಕೊಂಡರೂ ನನ್ನದು ನನ್ನ ಹತ್ತಿರ ಉಳಿದಿದೆ, ನಿನಗೆ ಬೇಕಾದರೆ ವಾಪಸು ಕೊಟ್ಟೇನು. ನೀನು ತೆಗೆದುಕೊಂಡದ್ದನ್ನು ಎಲ್ಲಿಂದ ತರುತ್ತೀಯ? ಅವರು ನನ್ನ ದಾರಿ ನೋಡುತ್ತಾ, ಗುಂಡಮ್ಮ ಬರಲಿಲ್ಲ ಎಂದುಕೊಂಡು ಹೋದರು. ಯಾಕೆ ಹೀಗೆ ಮಾಡಿದೆ ಎಂದು ಒಂದೇ ಒಂದು ಸಲ ಹೇಳು.

ಗುಂಡಿ

*

೮ ನವೆಂಬರ್ ೧೯೮೬

ಗುಂಡಿ,

ನೀನು ಹಾಕಿದ ಲೆಕ್ಕ ಸರಿಯಾಗಿದೆ.

ಮೊದಮೊದಲು ನಿನ್ನ ಒಳ್ಳೆಯದಕ್ಕೇ ಮುಚ್ಚಿಟ್ಟೆ. ಹೊಸ ಕೆಲಸ, ಬಿಟ್ಟು ಬಂದರೆ ಮತ್ತೆ ಹಿಂದಿನ ಕೋಣೆಗೇ ಬಂದು ಬೀಳುತ್ತಾಳೆ ಎಂಬ ಭಯ. ಆ ಮಾತು ಎರಡು ವಾರದ ಮಟ್ಟಿಗೆ ನಿಜ. ವೈದ್ಯರು ನನ್ನೊಬ್ಬಳನ್ನೇ ಪಕ್ಕಕ್ಕೆ ಕರೆದು, ಯಾರನ್ನಾದರೂ ಕರೆಸುವುದಿದ್ದರೆ ಕರೆಸಿ ಎಂದಮೇಲೆ ಅದು ನಿಜವಲ್ಲ.

ನಾನು ಮದುವೆಯಾಗಿ ಬಂದಾಗ ನಿನ್ನ ಕೈ ಹಿಡಿದುಕೊಂಡೇ ಬಂದೆ. ಅವರು ಒಂದು ದಿನವೂ ಬೇಸರಿಸಲಿಲ್ಲ. ಅವರು ನಗಿಸುತ್ತಿದ್ದುದು ನಿನ್ನನ್ನು, ಗದರುತ್ತಿದ್ದುದು ನಿನ್ನನ್ನು, ಸಂಜೆ ಬಂದವರು ಮೊದಲು ಕೇಳುತ್ತಿದ್ದುದು ನಿನ್ನನ್ನು. ನೀನು ಮದುವೆಯಾಗಿ ಹೋದೆ, ಮತ್ತೆ ಬಂದೆ, ಅವರು ಮತ್ತೆ ನಿನ್ನನ್ನು ನಗಿಸುವ ಕೆಲಸಕ್ಕೆ ಕೂತರು. ನಾನು ಅಡುಗೆ ಮಾಡುತ್ತಾ ಕೇಳಿಸಿಕೊಳ್ಳುತ್ತಿದ್ದೆ. ನನಗೆ ಹೊಟ್ಟೆಕಿಚ್ಚಿರಲಿಲ್ಲ, ಇದನ್ನು ನೀನು ನಂಬಬೇಕು. ಆದರೆ ಆಸ್ಪತ್ರೆಯಲ್ಲಿ ನಾವಿಬ್ಬರೇ ಇದ್ದಾಗ, ಅವರ ಕೈ ಹಿಡಿದುಕೊಂಡು ಕೂತಾಗ, ಇಷ್ಟು ವರ್ಷದಲ್ಲಿ ಇದೊಂದು ಸಲ ಇಬ್ಬರೇ ಇರೋಣ ಅನ್ನಿಸಿತು. ನೀನು ಬಂದರೆ ಅವರ ಮುಖ ನಿನ್ನ ಕಡೆ ತಿರುಗುತ್ತದೆ ಎಂದು ನನಗೆ ಗೊತ್ತಿತ್ತು. ನಾನು ಕರೆಯದಿದ್ದರೂ ಅವರು ಬಾಗಿಲ ಕಡೆಗೇ ತಿರುಗಿದರು. ನನಗೆ ಸಿಕ್ಕಿದ್ದು ಅವರ ಬೆನ್ನು.

ಅವರು ಹೋದ ಮೇಲೆ ತಂತಿ ಕೊಟ್ಟರೆ ನೀನು ಓಡಿಬರುತ್ತೀಯ, ಯಾಕೆ ಮೊದಲೇ ಹೇಳಲಿಲ್ಲ ಎಂದು ಎಲ್ಲರ ಮುಂದೆ ಕೇಳುತ್ತೀಯ. ಅದಕ್ಕೇ ಇನ್ನೊಂದು ಸುಳ್ಳು. ಆ ಕಾರ್ಡು ಬಂದಾಗ ನನಗೆ ನೋವಾಯಿತು, ಅದು ಸುಳ್ಳಲ್ಲ. ಆದರೆ ನೋವಿನ ಜೊತೆಗೆ ಒಂದು ಸಮಾಧಾನವೂ ಆಯಿತು, ಈಗ ನನಗೂ ಒಂದು ಕಾರಣ ಸಿಕ್ಕಿತಲ್ಲ ಎಂದು. ಆ ಸಮಾಧಾನಕ್ಕೇ ನಿನ್ನನ್ನು ನೀವು ಎಂದೆ.

ನೀನು ಸಾಕ್ಷಿ ಹೇಳಿದ್ದು ಬೇಡವಾಗಿತ್ತು. ತಂತಿಯಣ್ಣನಿಗೆ ನಾನೇ ನಿಜ ಹೇಳಿದ್ದೇನೆ. ಈಗ ನನಗೆ ಕಾಗದ ಬಂದರೆ ಕಚೇರಿಯ ಬೇರೆ ಯಾರ ಕೈಯಲ್ಲೋ ಕಳಿಸುತ್ತಾರೆ. ಭಾನುವಾರದವರಿಗೂ ಗೊತ್ತಾಗಿರಬೇಕು, ಕಳೆದ ವಾರ ಮೇಷ್ಟ್ರೊಬ್ಬರೇ ಬಂದಿದ್ದರು.

ಒಂದು ಮಾತು ನಿನಗೆ ಸೇರಬೇಕಾದದ್ದು. ಸೋಮವಾರ ಬೆಳಕು ಹರಿದ ಮೇಲೆ ಅವರಿಗೆ ಸ್ವಲ್ಪ ಉಸಿರು ಹಗುರಾಯಿತು. ನನ್ನನ್ನು ಹತ್ತಿರ ಕರೆದು, "ರಜೆ ಸಿಗ್ದಿದ್ರೆ ಬಿಡು, ಗುಂಡಮ್ಮನ್ನ ಬೈಬೇಡ. ಬಂದ್ರೆ ಅಳ್ತಾಳೆ. ಅವಳನ್ನ ನಗ್ಸೋಕೆ ನಂಗೀಗ ಉಸಿರಿಲ್ಲ" ಎಂದರು. ಆಮೇಲೆ ಮಾತಾಡಲಿಲ್ಲ. ಅವರಿಗೆ ನಿನ್ನ ಮೇಲೆ ಸಿಟ್ಟಿರಲಿಲ್ಲ. ಅದೊಂದನ್ನು ಇಟ್ಟುಕೋ.

ಅಕ್ಕ

*

೧೯ ನವೆಂಬರ್ ೧೯೮೬

ಅಕ್ಕಾ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ ತಿಳಿಯದು. ಹೊಟ್ಟೆಯಲ್ಲಿ ಹಾಕಿಕೊಳ್ಳುತ್ತೇನೆ ಎಂದು ಬರೆಯಲು ಕೂತೆ, ಆಗಲಿಲ್ಲ. ನಿನ್ನಿಂದಲೂ ಆಗಿಲ್ಲ ಎಂದು ಗೊತ್ತು.

ಭಾವ ಕೊನೆಗೆ ಆಡಿದ ಮಾತು. ಅದು ಸಾಕ್ಷಾತ್ ಅವರದೇ ಮಾತಿನ ಹಾಗಿದೆ. ಓದುವಾಗ ಅವರ ದನಿಯೇ ಕೇಳಿಸಿತು. ನನಗೆ ತೊಂದರೆ ಇರುವುದೇ ಅಲ್ಲಿ. ಅವರು ಹೇಗೆ ಮಾತಾಡುತ್ತಾರೆ ಎಂದು ನಿನಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ನನಗೆ ಏನು ಹೇಳಿದರೆ ಸಮಾಧಾನವಾಗುತ್ತದೆ ಎಂದು ಬಲ್ಲವಳೂ ನೀನೊಬ್ಬಳೇ. ಆ ಮಾತಿಲ್ಲದೆ ನನ್ನಿಂದ ಬದುಕಲಾಗುವುದಿಲ್ಲ ಅಕ್ಕಾ, ಆದರೆ ಅದನ್ನು ಹೇಳುತ್ತಿರುವವಳು ನೀನು.

ಅವರು ಹಾಗಂದಾಗ ಪಕ್ಕದಲ್ಲಿ ಬೇರೆ ಯಾರಾದರೂ ಇದ್ದರಾ? ದಾದಿ, ಪಕ್ಕದ ಹಾಸಿಗೆಯವರು, ಕಸ ಗುಡಿಸುವವರು, ಯಾರಾದರೂ ಸರಿ. ಎಲ್ಲಿದ್ದರೂ ಹುಡುಕಿಕೊಂಡು ಹೋಗಿ ಕೇಳುತ್ತೇನೆ.

ಗುಂಡಿ

*

೨೬ ನವೆಂಬರ್ ೧೯೮೬

ಗುಂಡಿ,

ಯಾರೂ ಇರಲಿಲ್ಲ. ನಾನೊಬ್ಬಳೇ ಇದ್ದೆ.

ಅಕ್ಕ